ಹಾಲಿನ ಪುಡಿಗೆ ದರ್ಜೆ ಬರೆಯುವವಳು

ಬಾಯಿಗೆ ಹಾಕಿಕೊಂಡ ಹಾಲನ್ನು ಹತ್ತು ಎಣಿಸುವವರೆಗೆ ನಾಲಿಗೆಯ ಮೇಲಿಟ್ಟು, ತೊಟ್ಟಿಗೆ ಉಗುಳಿದಳು. ಬಿಸಿನೀರಿನಲ್ಲಿ ಬಾಯಿ ಮುಕ್ಕಳಿಸಿ ಕಿಟಕಿಯವರೆಗೆ ಹೋಗಿ ಬಂದಳು. ಹಾಲಿನ ಪುಡಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ರುಚಿ ನೋಡುವ ಕೆಲಸ ಅವಳದು. ಒಂದೇ ಸರಕನ್ನು ಎರಡು ಸಲ ನೋಡಿದವಳಲ್ಲ. ಇವತ್ತು ಇದು ಮೂರನೆಯ ಸಲ.

ಈ ಕೆಲಸಕ್ಕೆಂದು ಅವಳು ಈರುಳ್ಳಿ, ಬೆಳ್ಳುಳ್ಳಿ, ಘಮದ ಸೋಪು ಎಲ್ಲ ಬಿಟ್ಟಿದ್ದಳು. ಮನೆಯವರೂ ಬಿಡಬೇಕಾಯಿತು. "ಸೊಸೆ ತಂದ್ಕೊಂಡೆ ಅಂದ್ಕೊಂಡಿದ್ದೆ, ಪಥ್ಯ ತಂದ್ಕೊಂಡಿದ್ದೀನಿ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಲೋಟದಲ್ಲಿ ನೀರಿಗೆ ಕದಡಿದ್ದು ಗೋದಾಮಿನಲ್ಲಿ ಹದಿನಾಲ್ಕು ತಿಂಗಳಿಂದ ಕೂತಿದ್ದ ಎರಡು ಸಾವಿರ ಮೂಟೆಗಳ ಪುಡಿ. ಅದು ಹಡಗು ಹತ್ತಬೇಕಾಗಿತ್ತು. ಹೊರದೇಶಕ್ಕೆ ಹೋಗುವ ಪ್ರತಿ ಕಿಲೋಗೆ ಸರ್ಕಾರ ಸಹಾಯಧನ ಕೊಡುತ್ತಿತ್ತು. ಆ ಬಲದಿಂದಲೇ ಅಲ್ಲಿ ಅಗ್ಗಕ್ಕೆ ಮಾರಲು ಆಗುತ್ತಿತ್ತು. ಹೀಗೆ ಅಗ್ಗವಾದ ಸರಕು ಬಂದು ಬಿದ್ದರೆ ಕೊಳ್ಳುವ ದೇಶದ ಹೈನುಗಾರರು ನೆಲಕಚ್ಚುತ್ತಾರೆಂದು, ದೇಶಗಳೆಲ್ಲ ಸೇರಿ ಇಂಥ ಸಹಾಯಧನ ನಿಲ್ಲಿಸುವ ನಿಯಮ ಮಾಡಿಕೊಂಡವು. ಗಡುವು ಮುಗಿಯಿತು, ಸಹಾಯಧನ ನಿಂತಿತು, ಹೊರಗಿನ ಗಿರಾಕಿ ಕೈಕೊಟ್ಟ.

ಈಗ ಒಂದು ಬಿಸ್ಕತ್ತು ಕಂಪನಿ ಮುಂದೆ ಬಂದಿತ್ತು, ಮೊದಲ ದರ್ಜೆಯ ಪುಡಿಯಾದರೆ ಮಾತ್ರ. ಎರಡನೆಯದಾದರೆ ಕರುಗಳ ಮೇವಿಗೆ. ಹಾಗಾದರೆ ನಷ್ಟ ತುಂಬಿಕೊಳ್ಳಲು ಪುಡಿ ಒಣಗಿಸುವ ವಿಭಾಗವನ್ನು ಎರಡು ತಿಂಗಳು ಮುಚ್ಚುವುದೆಂದು ಮೇಲಿನವರು ಹೇಳಿಬಿಟ್ಟಿದ್ದರು. ಅಲ್ಲಿ ನಲವತ್ತು ಜನ. ಅವಳ ಗಂಡನೂ ಅವರಲ್ಲಿ ಒಬ್ಬ.

ಮೂರು ಸಲವೂ ಕೊನೆಯಲ್ಲಿ ಅದೇ ರುಚಿ: ನೆನೆದ ರಟ್ಟು, ಹಳತಾದ ಪುಡಿಯ ಗುರುತು. ದಿನಾ ಹಲ್ಲುಜ್ಜುವ ಉಪ್ಪು ಮನೆಯಲ್ಲಿ ಮುಗಿದು, ಬೆಳಿಗ್ಗೆ ಗಂಡನ ಪುದೀನ ಟೂತ್‌ಪೇಸ್ಟಿನಲ್ಲಿ ಹಲ್ಲುಜ್ಜಿದ್ದಳು. ತಪ್ಪು ಅದರದೇ ಇರಲಿ ಎಂದು ಅವಳ ಆಸೆ. ಹೋದ ವಾರ ತಯಾರಾದ ಹೊಸ ಪುಡಿಯನ್ನು ಕದಡಿ ನೋಡಿದಳು. ರಟ್ಟಿನ ಸುಳಿವೇ ಇಲ್ಲ. ನಾಲಿಗೆ ಸರಿಯಾಗಿಯೇ ಇತ್ತು.

ಬಾಗಿಲಲ್ಲಿ ಗಂಡ ಕಾಣಿಸಿಕೊಂಡ.

"ಅಲ್ಲೇ ನಿಲ್ಲಿ. ಸಿಗರೇಟು ಸೇದಿ ಬಂದಿದ್ದೀರಿ."

"ಏನಾಯ್ತು ಹೇಳು."

ಅವಳು ಲೋಟ ತೊಳೆಯತೊಡಗಿದಳು. ಅವನಿಗೆ ಅಷ್ಟರಲ್ಲೇ ಅರ್ಥವಾಯಿತು.

"ಬಿಸ್ಕತ್ತಿಗೆ ಸಕ್ಕರೆ ಸುರೀತಾರೆ ಕಣೇ. ಯಾವ ನರಪಿಳ್ಳೆಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲ."

"ನೀನು ಬಿಸ್ಕತ್ತು ತಿಂದು ಎಷ್ಟು ವರ್ಷ ಆಯ್ತು?"

ಅವಳಿಗೆ ನಗು ಬಂತು, ಅವನಿಗೆ ಬರಲಿಲ್ಲ. "ಎರಡು ತಿಂಗಳು ನಾನು ಮನೇಲಿ ಕೂತ್ರೆ ಅಮ್ಮನ ಬಾಯಿಗೆ ನೀನೇ ಉತ್ತರ ಕೊಡು" ಎಂದು ಹೊರಟುಹೋದ.

ಅವಳು ಕೂತಳು, ಎದ್ದಳು, ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಊಟದ ಗಂಟೆಗೆ ಮುಂಚೆ ವರದಿ ಹಾಳೆಯಲ್ಲಿ 'ಎರಡನೇ ದರ್ಜೆ' ಎಂದು ಬರೆದು ಸಹಿ ಹಾಕಿ ಮ್ಯಾನೇಜರಿಗೆ ಕೊಟ್ಟಳು.

"ಇನ್ನೊಂದ್ಸಲ ನೋಡ್ತೀರೇನಮ್ಮ?"

"ಮೂರ್ಸಲ ನೋಡಿದೆ, ಸಾರ್."

ಸೋಮವಾರ ಮೇವಿನ ಕಾರ್ಖಾನೆಯ ಲಾರಿಗಳು ಬರುತ್ತವೆ. ಒಂದನೇ ತಾರೀಖಿನಿಂದ ಒಣಗಿಸುವ ವಿಭಾಗಕ್ಕೆ ಬೀಗ. ಹೊಸ ಪುಡಿ ಇಲ್ಲದೆ ರುಚಿ ನೋಡುವುದೂ ಇಲ್ಲ. ಆ ಎರಡು ತಿಂಗಳು ಅವಳಿಗೂ ಕೆಲಸವಿಲ್ಲ.