ಗೋಡೆಯಾಚೆಯ ಫ್ಯಾನು

ಗೋಡೆಯ ಆಚೆ ಏನಾದರೂ ಅಲುಗಿದರೆ, ಯಾರಾದರೂ ಉಸಿರಾಡಿದರೂ ಸಾಕು, ಈಚೆ ತೆರೆಯ ಮೇಲೆ ಬಿಳಿ ಮಚ್ಚೆಯಾಗಿ ತೋರಿಸುವ ರೇಡಾರ್ ಪೆಟ್ಟಿಗೆಯೊಂದನ್ನು ಪೆರುಂಗುಡಿಯ ನಮ್ಮ ಆಫೀಸಿನಲ್ಲಿ ಮಾಡುತ್ತಿದ್ದೆವು. ಅದನ್ನು ಪರೀಕ್ಷಿಸಲು ಹಳೇ ಕಾಲದ ದಪ್ಪ ಗೋಡೆ ಬೇಕಿತ್ತು. ಪರಿಚಯದ ಉಡುಪಿ ಹೋಟೆಲಿನ ಮ್ಯಾನೇಜರು, "ಮೈಲಾಪೂರಿನ ನಮ್ಮನೆಗೇ ಬನ್ನಿ" ಅಂದಿದ್ದರು. ಆಗ ಅವರ ಮನೆಯಲ್ಲಿ ಹೆಂಡತಿಯ ಸೀಮಂತದ ಗಡಿಬಿಡಿ.

ನಾನು ಹೋಗುವಷ್ಟರಲ್ಲಿ ಕೂಸು ಹುಟ್ಟಿ, ತೀರಿಯೂ ಹೋಗಿತ್ತು. ಬಾಗಿಲು ತೆಗೆದ ಅವರ ತಾಯಿ ಹೇಳಿದಾಗಲೇ ನನಗೆ ಗೊತ್ತಾದದ್ದು. ಪೆಟ್ಟಿಗೆ ಎತ್ತಿಕೊಂಡು ವಾಪಸು ಹೊರಟೆ. ಅವರೇ ತಡೆದರು.

"ಪರವಾಯಿಲ್ಲ ಸಾರ್, ಮಗ ಮಾತು ಕೊಟ್ಟಿದ್ದಾನಲ್ಲ. ಸೊಸೆ ಒಳಗೆ ಮಲಗಿದ್ದಾಳೆ. ತೊಟ್ಟಿಲು ಬಿಚ್ಲಿಕ್ಕೆ ಮಗನಿಗೆ ಇನ್ನೂ ಮನಸ್ಸು ಬರ್ಲಿಲ್ಲ. ಖಾಲಿ ತೊಟ್ಟಿಲು ತೂಗಬಾರದು, ಮುಟ್ಟಬೇಡ ಅಂತ ಅವಳಿಗೆ ಹೇಳಿದ್ದೇನೆ."

ಪೆಟ್ಟಿಗೆಯನ್ನು ಆ ಒಳಕೋಣೆಯ ಗೋಡೆಗೆ ಹಿಡಿದೆ. ತೆರೆಯ ಮೇಲೆ ಒಂದು ಮಚ್ಚೆ ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು, ಮೆಲ್ಲಗೆ ಆಚೆ ಹೋಗಿ ಈಚೆ ಬರುತ್ತಿತ್ತು.

"ಅದೆಂತದು?" ತಾಯಿ ಹತ್ತಿರ ಬಂದು ಕೇಳಿದರು.

"ಫ್ಯಾನಮ್ಮ," ಅಂದೆ.

ಅವರು ತಲೆಯೆತ್ತಿ ನಮ್ಮ ಮೇಲಿದ್ದ ಫ್ಯಾನು ನೋಡಿದರು. ಅದು ನಿಂತಿತ್ತು. ಬೆಳಗಿನಿಂದ ಕರೆಂಟೇ ಇರಲಿಲ್ಲ. ನನ್ನ ಪೆಟ್ಟಿಗೆ ಬ್ಯಾಟರಿಯ ಮೇಲೆ ನಡೆಯುತ್ತಿತ್ತು.

"ಹೌದು," ಅಂದರು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಫ್ಯಾನೇ ಇರಬೇಕು."

ವರದಿಯಲ್ಲೂ ಫ್ಯಾನ್ ಅಂತಲೇ ಬರೆದೆ. ನಮ್ಮ ಎಂಜಿನಿಯರುಗಳು ಬಹಳ ತಲೆಕೆಡಿಸಿಕೊಂಡು, ಮನುಷ್ಯರಷ್ಟೇ ಕಾಣಲಿ ಅಂತ ಹಾಗೆ ತೂಗಾಡುವುದನ್ನೆಲ್ಲ ತೆರೆಯಿಂದ ಅಳಿಸಿಹಾಕುವಂತೆ ಯಂತ್ರವನ್ನು ತಿದ್ದಿದರು. ಆ ಖುಷಿಗೆ ಆಫೀಸಿನಲ್ಲಿ ಪೇಡೆ ಹಂಚಿದರು. ನನ್ನ ಕೈಗೂ ಒಂದು ಬಂತು.