ಕನ್ನಡಿ ಮುಚ್ಚಿದ ಬೀದಿ

ಆ ಬೀದಿಯ ಕ್ಷೌರಿಕನನ್ನು ಎಲ್ಲರೂ ಕ್ರಾಪು ಮಾವ ಎನ್ನುತ್ತಿದ್ದರು. ಕತ್ತರಿ ಆಡುವಷ್ಟು ಹೊತ್ತೂ ಅವನ ಬಾಯಿ ಆಡಬೇಕು. ಹಾಗಾಗಿ ಒಂದು ಬೆಳಿಗ್ಗೆ ಅವನು ಕೈ ನಿಲ್ಲಿಸಿ, ಎದುರಿನ ಕನ್ನಡಿ ನೋಡುತ್ತಾ, "ಈ ಮುದುಕ ಯಾವಾಗ ಒಳಗೆ ಬಂದ?" ಎಂದಾಗ ಗಿರಾಕಿ ತಮಾಷೆ ಎಂದುಕೊಂಡು ನಕ್ಕ. ಮಾವ ನಗಲಿಲ್ಲ. ಕನ್ನಡಿಯಲ್ಲಿದ್ದವರು ಅವರಿಬ್ಬರೇ.

ವಾರದೊಳಗೆ ಮುದುಕ ಮನೆಗೂ ಬಂದ. ಬೀರುವಿನ ಕನ್ನಡಿಯಲ್ಲಿ ನಿಂತ, ಸಂಜೆ ಕಿಟಕಿಯ ಗಾಜಿನಿಂದ ಇಣುಕಿದ, ಆರಿಸಿಟ್ಟ ಟಿ.ವಿ.ಯೊಳಗೆ ಕೂತ. ಮಾವ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ: "ಮೆಲ್ಲಗೆ ಮಾತಾಡು. ಕೇಳಿಸ್ಕೊಳ್ತಿದಾನೆ."

"ಅದು ನೀವೇ ರೀ," ಎಂದಳು ಅವಳು.

ಮಾವ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀನೂ ಅವನ ಕಡೆಯವಳಾ?"

ಮರೆವಿನ ಕಾಯಿಲೆ ಎಂದರು ಡಾಕ್ಟರು. ಬೀದಿಗೆಲ್ಲ ಅತ್ತೆಯಾಗಿದ್ದ ಅವಳು ಯಾರಿಗೂ ಹೇಳಲಿಲ್ಲ. ಮೈ ಹುಷಾರಿಲ್ಲವೆಂದು ಅಂಗಡಿಗೆ ಬೀಗ ಹಾಕಿದಳು. ಅವನು ಮಲಗುತ್ತಿರಲಿಲ್ಲ, ಅವಳಿಗೂ ನಿದ್ದೆಯಿಲ್ಲ. ಒಂದು ಮುಸ್ಸಂಜೆ ಬೀರುವಿನ ಮುಂದೆ ನಿಂತಿದ್ದ ಗಂಡನನ್ನು ತೋಳು ಹಿಡಿದು ಎಳೆದಳು. ಅವನು ತಿರುಗಿದ. ಕನ್ನಡಿಯೊಳಗಿನವನು ಮಾತ್ರ ತಿರುಗದೆ ತನ್ನನ್ನೇ ನೋಡುತ್ತಿದ್ದಾನೆ ಎನ್ನಿಸಿತು ಅವಳಿಗೆ. ಇನ್ನೊಮ್ಮೆ ನೋಡುವ ಧೈರ್ಯವಾಗದೆ, ಮುಖ ಪಕ್ಕಕ್ಕೆ ಹೊರಳಿಸಿಕೊಂಡೇ ಕನ್ನಡಿಗೆ ಬೆಡ್‌ಶೀಟು ಹೊದಿಸಿದಳು.

ಮರುದಿನ ಅವಳು ಸ್ನಾನಕ್ಕೆ ಹೋದಾಗ ಮಾವ ಹೊರಬಿದ್ದ. ಎದುರಿನ ಟೈಲರ್ ಅಕ್ಕನ ಅಂಗಡಿಯಲ್ಲಿ ಆಳೆತ್ತರದ ಕನ್ನಡಿಯಿತ್ತು. ಅತ್ತೆ ಒದ್ದೆ ಕೂದಲಲ್ಲೇ ಓಡಿಬಂದಾಗ ಅವನು ಅದಕ್ಕೆ ಕೈಮುಗಿದು ಬೇಡುತ್ತಿದ್ದ: "ನಿನಗೇನು ಬೇಕು ಹೇಳಪ್ಪ. ನನ್ನ ಹೆಂಡ್ತಿ ಹೆದರ್ಕೊಂಡಿದಾಳೆ. ಬಿಟ್ಟುಬಿಡು ನಮ್ಮನ್ನ."

ಟೈಲರ್ ಅಕ್ಕ ಲೈನಿಂಗ್ ಬಟ್ಟೆಯೊಂದನ್ನು ಕನ್ನಡಿಯ ಮೇಲೆ ಇಳಿಬಿಟ್ಟು, "ಅವನು ಹೋದ, ಮಾವ. ಕೂತ್ಕೊಳ್ಳಿ," ಎಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಎಷ್ಟು ದಿನದಿಂದ ಹೀಗೆ?" ಎಂದಳು.

ಅತ್ತೆಗೆ ತಡೆಯಲಾಗಲಿಲ್ಲ. ತಿರುಗದೆ ನಿಂತ ಮುಖದ ವಿಷಯವನ್ನೂ ಹೇಳಿಬಿಟ್ಟಳು.

"ನಮ್ಮಮ್ಮನಿಗೂ ಇದೇ ಕಾಯಿಲೆ. ಒಬ್ಬಳೇ ನೋಡ್ಕೊಂಡೆ," ಎಂದಳು ಟೈಲರ್ ಅಕ್ಕ. "ನಿದ್ದೆಗೆಟ್ಟು ನಂಗೂ ಏನೇನೋ ಕಾಣಿಸ್ತಿತ್ತು. ನೀವು ಒಬ್ಬರೇ ಒದ್ದಾಡ್ಬೇಡಿ ಅತ್ತೆ."

ಅವಳು ಅಂಗಡಿಯಿಂದ ಅಂಗಡಿಗೆ ಹೋಗಿ ಹೇಳಿದಳು. ಔಷಧಿ ಅಂಗಡಿಯ ಗಾಜಿಗೆ ಪೇಪರು ಬಂತು. ಬೇಕರಿಯ ಗಾಜಿನ ಬಾಗಿಲಿಗೆ ಪರದೆ. ನಿಲ್ಲಿಸಿದ ಸ್ಕೂಟರುಗಳ ಕನ್ನಡಿಗಳೆಲ್ಲ ನೆಲ ನೋಡಿದವು. ಗೊತ್ತಿಲ್ಲದವರು ಆ ಬೀದಿಗೆ ಬಂದರೆ ಏನೋ ಇರುಸುಮುರುಸಾಗಿ ಬೇಗ ಬೇಗ ದಾಟಿಹೋಗುತ್ತಿದ್ದರು. ಎತ್ತ ತಿರುಗಿದರೂ ಅವರ ಮುಖ ಅವರಿಗೆ ಸಿಗುತ್ತಿರಲಿಲ್ಲ.

ಕನ್ನಡಿಗೆ ಬಟ್ಟೆ ಹೊದಿಸಿ ಮಾವನ ಅಂಗಡಿಯನ್ನು ಮಧ್ಯಾಹ್ನಗಳಲ್ಲಿ ತೆರೆದರು. ಕತ್ತರಿ ಅಡಗಿಸಿ ಬಾಚಣಿಗೆ ಮಾತ್ರ ಕೊಟ್ಟರು. ಬೀದಿಯವರು ಸರದಿಯಂತೆ ಬಂದು ಕುರ್ಚಿಯಲ್ಲಿ ತಲೆಯೊಡ್ಡಿ ಕೂತರೆ ಮಾವ ಗಂಟೆಗಟ್ಟಲೆ ಬಾಚುತ್ತಿದ್ದ. ಔಷಧಿ ಅಂಗಡಿಯವನ ತಲೆ ಬೋಳು. ಅವನಿಗೂ ಶಿಸ್ತಾಗಿ ಬೈತಲೆ ತೆಗೆಯುತ್ತಿದ್ದ. ಆ ಹೊತ್ತಿನಲ್ಲಿ ಅತ್ತೆ ಮನೆಯಲ್ಲಿ ಸತ್ತಂತೆ ನಿದ್ದೆ ಮಾಡುತ್ತಿದ್ದಳು.

ಬರಬರುತ್ತಾ ಮಾವನಿಗೆ ಯಾರ ಗುರುತೂ ಉಳಿಯಲಿಲ್ಲ. ಒಂದು ದಿನ ಅತ್ತೆಯೂ ಅಂಗಡಿಯಲ್ಲಿದ್ದಾಗ ಅವನು ಹೊದಿಸಿದ ಬಟ್ಟೆಯನ್ನೇ ನೋಡುತ್ತಾ, "ಅವನನ್ನ ಎಲ್ಲಿಗೆ ಕಳಿಸಿದ್ರಿ?" ಎಂದ.

"ಯಾರನ್ನ ಮಾವ?" ಎಂದಳು ಟೈಲರ್ ಅಕ್ಕ.

"ಆ ಮುದುಕನ್ನ. ಪಾಪ, ಅವನಿಗೆ ಯಾರೂ ಇಲ್ಲ."

ಟೈಲರ್ ಅಕ್ಕ ಅತ್ತೆಯ ಮುಖ ನೋಡಿದಳು. ಅತ್ತೆ ಬಟ್ಟೆ ಎಳೆದಳು. ಮಾವನ ಮುಖ ಅರಳಿತು. "ಬಂದ್ಯಾ," ಎನ್ನುತ್ತಾ ಗಾಜಿನ ಮೇಲೆಯೇ ಬಾಚಣಿಗೆ ಆಡಿಸಿದ. ಮತ್ತೆ ಕನ್ನಡಿಗೆ ಕಿವಿಯೊಡ್ಡಿ, "ಈಯಮ್ಮ ಯಾರು?" ಎಂದು ಕೇಳಿದ. ಉತ್ತರ ಸಿಕ್ಕವನಂತೆ ತಲೆಯಾಡಿಸಿ ಅತ್ತೆಗೆ ಜಾಗ ಬಿಟ್ಟ.

"ಕೂತ್ಕೊಳ್ಳಮ್ಮ. ನೀನು ಒಳ್ಳೆಯವಳಂತೆ. ಅವನು ಹೇಳ್ತಿದಾನೆ."

ಅತ್ತೆ ಕೂತಳು. ಅವನು ಅವಳ ತಲೆ ಬಾಚಿದ.

ಮಾವ ಹೋಗಿ ಕೆಲವು ವರ್ಷಗಳಾದವು. ಅಂಗಡಿ ಮಧ್ಯಾಹ್ನ ಇನ್ನೂ ತೆರೆದಿರುತ್ತದೆ. ಸುತ್ತಲಿನವರು ಮರೆವಿನ ಕಾಯಿಲೆಯ ಹಿರಿಯರನ್ನು ತಂದು ಬಿಟ್ಟುಹೋಗುತ್ತಾರೆ. ಈಚೆಗೆ ಒಬ್ಬಳು ತಾಯಿಯ ಕೈ ಹಿಡಿದು ಬಂದಳು. ಅಟ್ಟದ ಮೇಲೆ ಯಾರೋ ಓಡಾಡುತ್ತಾರೆ ಎನ್ನುತ್ತಿದ್ದಳು ಆ ಮುದುಕಿ.

"ಅತ್ತೆ, ಈಗೀಗ ನಂಗೂ ಹೆಜ್ಜೆ ಸಪ್ಪಳ ಕೇಳಿಸುತ್ತೆ," ಎಂದಳು ಮಗಳು.

ಅತ್ತೆ ನಗಲಿಲ್ಲ. "ಕೇಳಿಸುತ್ತೆ ಕಣಮ್ಮ. ನಿಮ್ಮಮ್ಮ ಇಲ್ಲೇ ಇರಲಿ. ನೀನು ನಮ್ಮನೆಗೆ ಹೋಗಿ ಮಲಕ್ಕೋ."