ಕೊಡೆ ಕ್ರೆಮಿನ್ ಮೇಯರ್ ಆಗದೆ ಹೋದ ವರ್ಷ

ಫಿಂಟನ್ ಕ್ರೆಮಿನ್ ಕಾರ್ಕ್ ಪಟ್ಟಣಕ್ಕೆ ಮೇಯರ್ ಆಗಿದ್ದದ್ದು ಒಂದೇ ವರ್ಷ. ಆ ವರ್ಷ ಏನು ಮಾಡಿದನೋ ಈಗ ಯಾರಿಗೂ ನೆನಪಿಲ್ಲ. ಅದರ ಹಿಂದಿನ ವರ್ಷ, ಅವನು ಮೇಯರ್ ಆಗದೆ ಹೋದದ್ದು ಮಾತ್ರ ಹಳಬರಿಗೆಲ್ಲ ಬಾಯಿಪಾಠ. ಅವನ ಹೆಂಡತಿ ನೋನಿಗಂತೂ ಆ ಜೂನ್ ತಿಂಗಳು ನಿನ್ನೆ ಮೊನ್ನೆಯದೆಂಬಂತೆ ಕಣ್ಣಿಗೆ ಕಟ್ಟಿದೆ.

ಅವರದು ಕೊಡೆ ಅಂಗಡಿ. ಆ ಊರಿನ ಮಳೆಯಲ್ಲಿ ಕೊಡೆ ಮಾರುವವನು ಉಪವಾಸ ಬೀಳುವುದಿಲ್ಲ. ಹಿಂದಿನ ಕೋಣೆಯಲ್ಲಿ ನೋನಿ ಕಪ್ಪು ಬಟ್ಟೆಯನ್ನು ಎಂಟು ತುಂಡು ಮಾಡಿ ಹೊಲಿಯುವಳು, ಫಿಂಟನ್ ಕಡ್ಡಿ ಕೂರಿಸುವನು. ಮೊದಲು ಅಂಗಡಿ ಇಬ್ಬರದಾಗಿತ್ತು. ಇನ್ನೊಬ್ಬ ಜೆರಿ ಲಿಹೇನ್, ಚಿಕ್ಕಂದಿನ ಗೆಳೆಯ. ಕಡ್ಡಿ ಬಗ್ಗಿಸುವ ಯಂತ್ರಕ್ಕೆ ತೋರುಬೆರಳಿನ ತುದಿ ಕೊಟ್ಟಾಗಲೂ ಜೆರಿ ಜಗಳವಾಡಲಿಲ್ಲ. ಹೊಸ ಬೋರ್ಡು ಬರೆಸುವಾಗ ಯಾರ ಹೆಸರು ಮೊದಲು ಎಂಬುದಕ್ಕೆ ಮುನಿದು, ಹೊರಟುಹೋಗಿ ಎದುರಿಗೇ ಮಳೆಯಂಗಿ ಅಂಗಡಿ ಇಟ್ಟ. ಹತ್ತೊಂಬತ್ತು ವರ್ಷ ಮಾತಿಲ್ಲ. ಬೆಳಿಗ್ಗೆ ಒಬ್ಬ ಬಾಗಿಲು ತೆಗೆಯಲು ಬಂದರೆ ಇನ್ನೊಬ್ಬ ಜೇಬಿನಲ್ಲಿ ಬೀಗದ ಕೈ ತಡಕಾಡುತ್ತ ಬೆನ್ನು ತಿರುಗಿಸಿಬಿಡುವನು.

ಕಾಲಕ್ರಮದಲ್ಲಿ ಇಬ್ಬರೂ ನಗರಸಭೆಯ ಸದಸ್ಯರಾದರು. ಸದಸ್ಯರೇ ವರ್ಷಕ್ಕೊಮ್ಮೆ ತಮ್ಮೊಳಗಿನ ಒಬ್ಬನನ್ನು ಮೇಯರ್ ಮಾಡುವುದು ಪದ್ಧತಿ. ಫಿಂಟನ್‌ಗೆ ಆ ಆಸೆ ಬಹಳ. ಅವನ ತಾಯಿ ಪುರಭವನದ ಮೆಟ್ಟಿಲುಗಳನ್ನು ಮಂಡಿಯೂರಿ ಉಜ್ಜಿ ಮಗನನ್ನು ಸಾಕಿದವಳು. ಕೊರಳಿಗೆ ಮೇಯರನ ಸರ ಹಾಕಿಕೊಂಡು ಆ ಮೆಟ್ಟಿಲು ಒಂದು ಸಲ ಹತ್ತಬೇಕು ಎನ್ನುತ್ತಿದ್ದ. ಆ ವರ್ಷ ಅವನ ಕಡೆಗೆ ಹತ್ತು ಮತ, ಎದುರಾಳಿಗೆ ಹತ್ತು ಎಂದು ಖಚಿತವಾಗಿತ್ತು. ಉಳಿದದ್ದು ಒಂದೇ, ಜೆರಿಯದು. ಆದರೂ ಮೇಯರನ ಔತಣಕ್ಕೆಂದು ನೋನಿ ಒಂದು ನೀಲಿ ಉಡುಪು ಹೊಲಿದು ಇಟ್ಟುಕೊಂಡಳು. ಆಸೆ ಅವಳಿಗೂ ಇತ್ತು.

ಸೋಮವಾರ ಚುನಾವಣೆ. ಹಿಂದಿನ ಬುಧವಾರ ಜೆರಿಯ ತಾಯಿ ತೀರಿಕೊಂಡಳು. ಫಿಂಟನ್‌ನ ತಾಯಿ ಕೆಲಸಕ್ಕೆ ಹೋದಾಗಲೆಲ್ಲ ಅವನನ್ನು ಒಳಗೆ ಕರೆದು, ಹಂದಿಕಾಲು ಬೇಯಿಸಿ ತಿನ್ನಿಸಿದ ಮುದುಕಿ ಅವಳು.

"ಹೋಗ್ಬಾ," ಎಂದಳು ನೋನಿ. "ಅವಳ ಕೈಯೂಟ ತಿಂದು ಬೆಳೆದೋನು ನೀನು."

"ಹೋದ್ರೆ ಊರು ಏನನ್ನುತ್ತೆ? ಕ್ರೆಮಿನ್ ಹೆಣದ ಮುಂದೆ ವೋಟು ಕೇಳೋಕೆ ಹೋದ ಅನ್ನುತ್ತೆ."

"ಹೋಗ್ದಿದ್ರೆ?"

"ಕೃತಘ್ನ ನಾಯಿ ಅನ್ನುತ್ತೆ. ಅದೇ ವಾಸಿ."

ಗುರುವಾರ ಸಂಜೆ, ಅದೇ ವಾರ ಸತ್ತಿದ್ದ ಅಂಚೆಯವ ಕಾನ್ ಟೂಮಿಯ ಶವಪೆಟ್ಟಿಗೆ ಆರು ಗಂಟೆಗೆ ಚರ್ಚಿಗೆ ಬರುವುದಿತ್ತು, ಲಿಹೇನ್ ಮುದುಕಿಯದು ಎಂಟಕ್ಕೆ. ಟೂಮಿಯನ್ನು ನೋಡಿಕೊಂಡು ಏಳರೊಳಗೆ ಮನೆ ಸೇರುತ್ತೇನೆಂದು ಫಿಂಟನ್ ಹೊರಟ. ಡಬ್ಲಿನ್ ರೈಲು ತಡವಾಗಿ ಟೂಮಿಯ ತಮ್ಮ ಇನ್ನೂ ಬಂದಿಲ್ಲವೆಂದು ಎರಡು ಮನೆಯವರೂ ಹೊತ್ತು ಅದಲುಬದಲು ಮಾಡಿಕೊಂಡದ್ದು ಅವನಿಗೆ ಗೊತ್ತಿರಲಿಲ್ಲ.

ಮುಚ್ಚಿದ ಪೆಟ್ಟಿಗೆಯ ಮುಂದೆ ಮಂಡಿಯೂರಿದ. ಎದ್ದು, ಮೊದಲ ಸಾಲಿನಲ್ಲಿ ಕೂತ ಮನೆಯವರ ಕೈಯನ್ನು ಒಬ್ಬೊಬ್ಬರದಾಗಿ ಹಿಡಿಯುತ್ತ ಹೋದ. "ನಿಮ್ಮ ದುಃಖಕ್ಕೆ ನಾನೂ ಭಾಗಿ, ನಿಮ್ಮ ದುಃಖಕ್ಕೆ ನಾನೂ ಭಾಗಿ." ಆಗ ತಲೆ ಎತ್ತಿ ಮುಖ ನೋಡುವುದು ಮರ್ಯಾದೆಯಲ್ಲ. ಐದನೆಯ ಕೈಯಲ್ಲಿ ತೋರುಬೆರಳು ಮೋಟಾಗಿತ್ತು.

ಹಿಡಿದ ಕೈಯನ್ನು ಬಿಡಲಾರದೆ ನಿಂತುಬಿಟ್ಟ. ಅದರ ಮೇಲೆ ಜೆರಿಯ ಇನ್ನೊಂದು ಕೈ ಬಂದು ಕೂತಿತು.

"ಬಂದ್ಯಾ," ಎಂದ ಜೆರಿ. "ಅಮ್ಮ ಕೇಳ್ತಿದ್ಲು ನಿನ್ನ."

ಮರುದಿನ ಮಾರುಕಟ್ಟೆಯಲ್ಲಿ ಮೀನಿನ ಹೆಂಗಸು ನೋನಿಯನ್ನು ತಡೆದು ನಿಲ್ಲಿಸಿದಳು. ಅರವತ್ತು ದಾಟಿದ ಗಂಡಸನ್ನೂ ಹುಡುಗ ಎನ್ನುವ ಊರು ಅದು. "ಚಾಲಾಕಿ ಹುಡ್ಗ ಕಣೇ ನಿನ್ ಗಂಡ. ಒಂದ್ಸಲ ಮಂಡಿ ಊರಿ ವೋಟು ಎತ್ಕೊಂಡ್ಬಂದ."

ಫಿಂಟನ್ ಊಟ ಬಿಟ್ಟ. ಭಾನುವಾರ ನೋನಿಗೆ ಎಲ್ಲವನ್ನೂ ಹೇಳಿದ.

"ಸುಮ್ನಿರು," ಎಂದಳು ಅವಳು. "ನೀನೇನು ಕದ್ಯಾ? ದೇವ್ರೇ ಕೈ ಹಿಡ್ದು ಕರ್ಕೊಂಡ್ ಹೋದ ಅನ್ಕೋ."

"ನನ್ ಹೇಡಿತನಾನ ದೇವ್ರ ತಲೆಗೆ ಕಟ್ಬೇಡ."

ಸೋಮವಾರ ನೋನಿ ಪುರಭವನದಲ್ಲಿ ಪ್ರೇಕ್ಷಕರ ಬೆಂಚಿನ ಮೇಲೆ ಕೂತಿದ್ದಳು. ಹತ್ತು, ಹತ್ತು ಆಯಿತು. ತೋಳಿಗೆ ಕಪ್ಪು ಪಟ್ಟಿ ಕಟ್ಟಿದ್ದ ಜೆರಿ ಎದ್ದು ನಿಂತ. "ನಮ್ಮಮ್ಮನ ಮುಂದೆ ಮಂಡಿಯೂರಿದೋನಿಗೆ…"

"ಒಂದ್ನಿಮಿಷ, ಜೆರಿ," ಎಂದು ಫಿಂಟನ್ ಎದ್ದ. "ನಾನು ನಿಮ್ಮಮ್ಮನ್ನ ನೋಡೋಕೆ ಬಂದಿರ್ಲಿಲ್ಲ. ಟೂಮಿ ಅಂತ ತಿಳ್ಕೊಂಡೆ. ಅವಳ ಸಾವಿಗೆ ಬರ್ಬಾರ್ದು ಅಂತ್ಲೇ ಇದ್ದೆ. ಜನ ಆಡ್ಕೋತಾರೆ ಅಂತ ಹೆದರ್ಕೊಂಡಿದ್ದೆ."

ಜೆರಿ ಅವನ ಕಡೆಗೆ ತಿರುಗಿದ.

"ಹಂಗಾದ್ರೆ ನಮ್ಮಮ್ಮನ ಪೆಟ್ಟಿಗೆ ಮುಂದೆ ಟೂಮಿಗೆ ಪ್ರಾರ್ಥನೆ ಮಾಡ್ದೆ?"

"ಹೂಂ."

"ಎಷ್ಟು?"

"ಮೂರು."

"ಹೋಗ್ಲಿ ಬಿಡು. ಅವಳಿಗಿಂತ ಟೂಮಿಗೇ ಅದ್ರ ಅಗತ್ಯ ಜಾಸ್ತಿ ಇತ್ತು."

ಇಡೀ ಸಭೆ ನಕ್ಕಿತು. ಜೆರಿ ನಗಲಿಲ್ಲ. "ನೋಡು ಫಿಂಟನ್, ಈಗ ನಾನು ನಿನಗೆ ವೋಟು ಹಾಕಿದ್ರೆ, ಈ ನಿಜಾನೂ ನೀನು ವೋಟಿಗೋಸ್ಕರಾನೇ ಹೇಳ್ದೆ ಅಂತಾರೆ. ಅದು ಬೇಡ," ಎಂದವನೇ ಎದುರಾಳಿಯ ಹೆಸರು ಹೇಳಿ ಕೂತುಬಿಟ್ಟ.

ಒಂದು ಮತದಿಂದ ಹೋಯಿತು. ನೋನಿ ಗಂಡನನ್ನು ಹಿಂದೆ ಬಿಟ್ಟು ನಡೆದು ಮನೆ ಸೇರಿದಳು. ನೀಲಿ ಉಡುಪನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಸತ್ಯವಂತನ ಹೆಂಡತಿಯಾಗುವುದು ಸುಲಭವಲ್ಲ ಎಂದು ಅವಳು ಹೇಳಿದರೆ ಯಾರೂ ನಗಬಾರದು.

ಮುಂದಿನ ಜೂನ್‌ನಲ್ಲಿ ಅವನ ಹೆಸರನ್ನು ಸೂಚಿಸಿದವನು ಜೆರಿಯೇ. ಸರ ಬಂತು, ಮೆಟ್ಟಿಲು ಹತ್ತಿದ್ದೂ ಆಯಿತು, ಪತ್ರಿಕೆಯಲ್ಲಿ ಚಿತ್ರವೂ ಬಂತು. ಆದರೆ ನೋನಿಗೆ ಬೇಕಾದದ್ದು ಅದಕ್ಕೂ ಎಷ್ಟೋ ಮೊದಲೇ, ಮುದುಕಿ ಸತ್ತು ಒಂದು ತಿಂಗಳಿಗೆ ಸಿಕ್ಕಿತ್ತು. ಸತ್ತವರಿಗೆ ತಿಂಗಳು ತುಂಬಿದಾಗ ಚರ್ಚಿನಲ್ಲಿ ಒಂದು ಪೂಜೆ ಮಾಡಿಸುತ್ತಾರೆ. ಅದರ ಹಿಂದಿನ ದಿನ ಜೆರಿ ರಸ್ತೆ ದಾಟಿ, ಹತ್ತೊಂಬತ್ತು ವರ್ಷದ ಮೇಲೆ, ಕೊಡೆ ಅಂಗಡಿಯ ಹೊಸ್ತಿಲು ತುಳಿದ.

"ನಾಳೆ ಎಂಟಕ್ಕೆ ಅಮ್ಮನ ಪೂಜೆ. ನಮ್ಮಮ್ಮಂದೇ. ಈ ಸಲ ಯಾರ್ನಾದ್ರೂ ಕೇಳ್ಕೊಂಡು ಬಾ."

ಪೂಜೆ ಮುಗಿದ ಮೇಲೆ ಲಿಹೇನ್ ಮನೆಯ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಕೊಟ್ಟರು. ಒಲೆಯ ಪಕ್ಕದಲ್ಲಿ ಮುದುಕಿ ಕೂರುತ್ತಿದ್ದ ಕುರ್ಚಿ ಖಾಲಿಯಿತ್ತು. ಅದನ್ನು ನೋಡುತ್ತ ಫಿಂಟನ್ ಬಟ್ಟಲು ಕೆಳಗಿಟ್ಟ. ಅವನ ಭುಜಗಳು ಅಲುಗತೊಡಗಿದವು. ತನ್ನ ತಾಯಿ ಸತ್ತಾಗಲೂ ಅವನು ಹಾಗೆ ಅತ್ತದ್ದನ್ನು ನೋನಿ ಕಂಡಿರಲಿಲ್ಲ. ಜೆರಿ ಬ್ರೆಡ್ಡಿಗೆ ಬೆಣ್ಣೆ ದಪ್ಪಗೆ ಸವರಿ, ತಟ್ಟೆಯನ್ನು ಅವನ ಕಡೆಗೆ ಸರಿಸಿದ.